ನನ್ನ ಸೊಂಟಕ್ಕೊಂದು ಕೋನಮಾಪಕ

ಚೆಂಡು ಇದ್ದಲ್ಲೇ ಇತ್ತು. ನಾನು ಮಾತ್ರ ಒಂದು ಸುತ್ತು ಬಂದು ನಿಂತಿದ್ದೆ.

ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಕೂಡ ಇರುವುದಿಲ್ಲ. ಅದು ಓಡುವುದಿಲ್ಲ, ಯಾರೂ ಅದನ್ನು ನಮ್ಮ ಕಡೆ ಎಸೆಯುವುದೂ ಇಲ್ಲ. ಟೀ ಎನ್ನುವ ಪುಟ್ಟ ಗೂಟದ ಮೇಲೆ ಸುಮ್ನೆ ಕೂತು ಹೊಡೆತಕ್ಕೆ ಕಾಯುತ್ತಿರುತ್ತದೆ. ಹೊಡೆಯಲು ಹೋಗಿ ಗಾಳಿಗೆ ಬೀಸಿದರೂ ನಿಯಮದ ಪ್ರಕಾರ ಅದೊಂದು ಹೊಡೆತವೇ. ಆವತ್ತು ಮೊದಲ ಕುಳಿಯಲ್ಲೇ ನನ್ನ ಲೆಕ್ಕ ಮೂರು ಮುಟ್ಟಿತ್ತು, ಚೆಂಡು ಟೀ ಬಿಟ್ಟು ಇಳಿದಿರಲಿಲ್ಲ. ಕುಣಿಯಲು ಬಾರದವರು ನೆಲ ಡೊಂಕು ಅನ್ನುತ್ತಾರಲ್ಲ, ಗಾಲ್ಫಿನಲ್ಲಿ ನೆಲ ನಿಜವಾಗಿಯೂ ಡೊಂಕು. ಆದರೆ ಟೀ ಇಡುವ ಜಾಗವನ್ನು ಮಾತ್ರ ಹಟ ಹಿಡಿದು ಸಮ ಮಾಡಿಟ್ಟಿರುತ್ತಾರೆ.

"ನಿನ್ನ ಕೋರ್ ಬಹಳ ಗಟ್ಟಿ ಕಣೋ" ಎಂದ ಗೆಳೆಯ. ಕೋರ್ ಅಂದ್ರೆ ಮೈಯ ನಡುಭಾಗ. ನಾನು ಹೊಗಳಿಕೆ ಅಂದುಕೊಂಡು ಹೊಟ್ಟೆ ಎಳೆದುಕೊಂಡೆ. "ಗಟ್ಟಿ ಅಂದ್ರೆ ಶಕ್ತಿ ಅಲ್ಲ, ಬಿಗಿ. ಬಾಗಿಲ ಚಿಲಕ ತುಕ್ಕು ಹಿಡಿದ ಹಾಗೆ." ಎಳೆದುಕೊಂಡ ಹೊಟ್ಟೆಯನ್ನು ಮೆಲ್ಲಗೆ ಬಿಟ್ಟೆ.

ಮನೆಗೆ ಬಂದು ಓದಿದೆ. ಚೆನ್ನಾಗಿ ಆಡುವವರು ಕ್ಲಬ್ಬನ್ನು, ಅಂದ್ರೆ ಗಾಲ್ಫ್ ಕೋಲನ್ನು, ಹಿಂದಕ್ಕೆ ಒಯ್ದಾಗ ಭುಜ ಸುಮಾರು 90 ಡಿಗ್ರಿ ತಿರುಗುತ್ತದಂತೆ, ಸೊಂಟದ ಕೀಲು ಅದರ ಅರ್ಧ. ನಾನೆಷ್ಟು ತಿರುಗುತ್ತೇನೆ? ಕುರ್ಚಿಯಲ್ಲಿ ಕೂತು, ಎದೆಗೆ ಅಡ್ಡಲಾಗಿ ಛತ್ರಿ ಹಿಡಿದು ತಿರುಗಿ ನೋಡುವ ಪರೀಕ್ಷೆಯೊಂದಿದೆ. ಕಡಿಮೆ ಅಂದ್ರೂ 45 ಬರಬೇಕು. ಮಗಳು ಜಾಮಿಟ್ರಿ ಬಾಕ್ಸ್ ತಂದಳು. ನನ್ನ ಹಿಂದೆ ಸ್ಟೂಲು ಹತ್ತಿ, ನೆತ್ತಿಯ ಮೇಲೆ ಕೋನಮಾಪಕ ಇಟ್ಟು, ಒಂದು ಕಣ್ಣು ಮುಚ್ಚಿದಳು.

"ಅಪ್ಪಾ, ತಿರುಗು."

"ತಿರುಗಿದ್ದೀನಿ."

"ಓ." ಸ್ವಲ್ಪ ಹೊತ್ತು ಬಿಟ್ಟು, "28" ಎಂದಳು. ಲೆಕ್ಕದಲ್ಲಿ ಅವಳು ಜಾಣೆ. ಆ ಜಾಣತನ ಆವತ್ತು ಬೇಕಿರಲಿಲ್ಲ.

ಮರುದಿನದಿಂದ ಹಟಕ್ಕೆ ಬಿದ್ದೆ. ಬೆಳಿಗ್ಗೆ ಎದ್ದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಸೊಂಟವನ್ನು ಆ ಕಡೆ 50 ಸಲ, ಈ ಕಡೆ 50 ಸಲ ಹಿಂಡಿದೆ. ಮೊದಲ ದಿನವೇ ಛತ್ರಿಯ ಹಿಡಿ ಪರದೆಗೆ ಸಿಕ್ಕಿ, ಪರದೆ ಸರಳಿನ ಸಮೇತ ಕೆಳಗೆ ಬಂತು. ಮೂರನೆಯ ದಿನ ಟೂತ್‌ಪೇಸ್ಟ್ ಮುಚ್ಚಳ ಕೈಜಾರಿ ಬಿತ್ತು. ಎತ್ತಲು ಬಗ್ಗಿದೆ. ಬಗ್ಗಿದವನು ಬಗ್ಗಿಯೇ ಉಳಿದೆ. ವಾಶ್‌ಬೇಸಿನ್ ತಬ್ಬಿಕೊಂಡು, ಬಾಯಿ ತುಂಬ ನೊರೆ ಇಟ್ಟುಕೊಂಡು "ಬನ್ರೋ" ಎಂದು ಕೂಗುವುದು ಎಷ್ಟು ಕಷ್ಟ ಅಂತ ಆವತ್ತು ತಿಳಿಯಿತು.

ಗಾಲ್ಫ್ ದಿಗ್ಗಜ ಟೈಗರ್ ವುಡ್ಸ್ ಅಂಥವರೇ 2017ರಲ್ಲಿ ಬೆನ್ನಿನ ಕೆಳಗಿನ ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, 2019ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದರು ಎಂದು ಮಲಗಿದಲ್ಲಿಂದಲೇ ಹೆಂಡತಿಗೆ ಹೇಳಿದೆ. "ಅವರು ಮುಚ್ಚಳ ಎತ್ತಲು ಹೋಗಿರಲಿಲ್ಲ" ಎಂದಳು.

ಫಿಸಿಯೋಥೆರಪಿಸ್ಟ್ ನನ್ನ ಸಾಧನೆ ಕೇಳಿ ನಗಲಿಲ್ಲ. ಅಷ್ಟು ಮಟ್ಟಿಗೆ ಒಳ್ಳೆಯವರು. ಪ್ಲಾಸ್ಟಿಕ್ಕಿನ ಬೆನ್ನೆಲುಬೊಂದನ್ನು ಕೈಗೆತ್ತಿಕೊಂಡು ತೋರಿಸಿದರು. ಸೊಂಟದ ಭಾಗದಲ್ಲಿ ಇರುವುದು ಐದೇ ಮೂಳೆ. ಒಂದೊಂದೂ ಪಕ್ಕಕ್ಕೆ ತಿರುಗುವುದು ಒಂದೆರಡು ಡಿಗ್ರಿ, ಅಷ್ಟೇ. ಅವು ಮುಂದಕ್ಕೆ ಹಿಂದಕ್ಕೆ ಬಾಗಲು ಇರುವಂಥವು. ತಿರುಗುವ ಕೆಲಸ ಅದರ ಮೇಲಿನ, ಪಕ್ಕೆಲುಬು ಅಂಟಿಕೊಂಡ 12 ಮೂಳೆಗಳದ್ದು, ಮತ್ತೆ ತೊಡೆ ಸೇರುವ ಕೀಲಿನದ್ದು. ಕುರ್ಚಿಯಲ್ಲಿ ಕೂತೂ ಕೂತೂ ಈ ಎರಡೂ ಕೆಲಸ ಮರೆತಿದ್ದವು. ಮನೆಯಲ್ಲಿ ಇಬ್ಬರು ಮೈಗಳ್ಳರಿದ್ದರೆ ಮೂರನೆಯವನ ಸೊಂಟ ಮುರಿಯುತ್ತದೆ, ಅಲ್ವಾ? ನಾನು ಆ ಮೂರನೆಯವನನ್ನೇ ಹಿಡಿದು ದಿನಾ ನೂರು ಸಲ ಹಿಂಡಿದ್ದೆ.

ನೋವು ಇಳಿದ ಮೇಲೆ ಹೊಸ ಪಾಠ ಶುರುವಾಯಿತು. ಮೊದಲನೆಯದರ ಹೆಸರು 'ತೆರೆದ ಪುಸ್ತಕ'. ಮಗ್ಗುಲಾಗಿ ಮಲಗಿ, ಮಂಡಿ ಎರಡನ್ನೂ ಮಡಚಿ ಜೋಡಿಸಿ, ಮೇಲಿನ ಕೈಯನ್ನು ಪುಟ ತಿರುಗಿಸಿದ ಹಾಗೆ ಬೆನ್ನ ಹಿಂದಕ್ಕೆ ನೆಲದತ್ತ ತೆರೆಯಬೇಕು. ಮಂಡಿ ಅಲ್ಲಾಡಬಾರದು. ನನ್ನ ಪುಸ್ತಕದ ಪುಟಗಳು ಅಂಟಿಕೊಂಡಿದ್ದವು. ಕೈ ನೆಲದಿಂದ ಒಂದೂವರೆ ಗೇಣು ಮೇಲೆ, ಬಸ್ಸು ನಿಲ್ಲಿಸುವವನ ಹಾಗೆ ಗಾಳಿಯಲ್ಲೇ ನಿಂತಿತ್ತು. ಒತ್ತಿದರೆ ಇಳಿಯಲಿಲ್ಲ. "ಉಸಿರು ಬಿಡಿ" ಎಂದರು. ಬಿಗಿ ಹಿಡಿದಿದ್ದೇನೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಧಾನವಾಗಿ ಪೂರ್ತಿ ಉಸಿರು ಬಿಟ್ಟಾಗ ಪಕ್ಕೆ ಸಡಿಲವಾಗಿ, ಕೈ ತಾನಾಗೇ ನಾಲ್ಕು ಬೆರಳು ಕೆಳಗಿಳಿಯಿತು. ಅಷ್ಟಕ್ಕೇ ಎಂಥ ಖುಷಿ!

ಎರಡನೆಯದು 'ಸತ್ತ ಹುಳು'. ಅಂಗಾತ ಮಲಗಿ, ಕೈಕಾಲು ಮೇಲೆತ್ತಿ, ಬಲಗೈ ಎಡಗಾಲು ಒಟ್ಟಿಗೆ ಇಳಿಸುವುದು. ಆಗ ಸೊಂಟ ನೆಲ ಬಿಟ್ಟು ಏಳಬಾರದು. ಉಳಿದದ್ದು ಅಲ್ಲಾಡುವಾಗ ನಡು ಅಲ್ಲಾಡದೆ ಇರಲು ಕಲಿಸುವ ವ್ಯಾಯಾಮ ಇದು. ನಾನು ಬಲಗೈ ಬಲಗಾಲು ಒಟ್ಟಿಗೇ ಇಳಿಸಿ ಪಕ್ಕಕ್ಕೆ ಉರುಳಿದೆ. ಸತ್ತ ಹುಳು ಉರುಳುವುದಿಲ್ಲ ಎಂದು ಮಗಳು ತಿದ್ದಿದಳು.

ಆರು ವಾರ ಆಯಿತು. ಕೋನಮಾಪಕ ಮತ್ತೆ ನೆತ್ತಿ ಏರಿತು. 41. ಪಾಸಾಗಲು ನಾಲ್ಕು ಕಡಿಮೆ. ಗ್ರೇಸ್ ಮಾರ್ಕ್ಸ್ ಕೇಳಿದೆ, ಕೊಡಲಿಲ್ಲ. ಮೈ ಬಿಗಿ ಇರುವವರು ಹಿಂದಕ್ಕೆ ಬೀಸುವಾಗ ಎಡ ಹಿಮ್ಮಡಿ ಸ್ವಲ್ಪ ಎತ್ತಿದರೆ ಸೊಂಟದ ಕೀಲಿಗೆ ತಿರುಗಲು ಜಾಗ ಸಿಗುತ್ತದೆ ಎಂದು ಗೆಳೆಯ ಸಮಾಧಾನ ಹೇಳಿದ. ಮೇಜರ್ ಎನ್ನುವ ದೊಡ್ಡ ಟೂರ್ನಿಗಳನ್ನು 18 ಸಲ ಗೆದ್ದ ಜ್ಯಾಕ್ ನಿಕ್ಲಾಸ್ ಕೂಡ ಹಿಮ್ಮಡಿ ಎತ್ತುತ್ತಿದ್ದರಂತೆ. ನಮ್ಮಿಬ್ಬರಿಗೂ ಇರುವ ಒಂದೇ ಹೋಲಿಕೆ ಅದು. ಬಿಡಲು ಮನಸ್ಸಾಗಲಿಲ್ಲ.

ಮತ್ತೆ ಅದೇ ಮೊದಲ ಕುಳಿ. ಉಸಿರು ಬಿಟ್ಟೆ. ಹಿಮ್ಮಡಿ ಎತ್ತಿ, ಎದೆಯನ್ನು ತಿರುಗಿಸಿ, ಬೀಸಿದೆ. 'ಟಕ್' ಎಂದಿತು. ಚೆಂಡು ಎದ್ದು, ಮೇಲೇರಿ, ಬಲಕ್ಕೆ ವಾಲಿ, ಕೆರೆಯೊಳಗೆ ಇಳಿಯಿತು. ಗೆಳೆಯ ಚಪ್ಪಾಳೆ ತಟ್ಟಿದ. ತಮಾಷೆಗಲ್ಲ, ನಿಜವಾಗಿ ತಟ್ಟಿದ.

ಟೀ ಮಾತ್ರ ನೆಲದಲ್ಲೇ ಉಳಿದಿತ್ತು. ಎತ್ತಲು ಬಗ್ಗಹೊರಟವನಿಗೆ ಟೂತ್‌ಪೇಸ್ಟ್ ಮುಚ್ಚಳ ನೆನಪಾಯಿತು. ಮಂಡಿ ಮಡಚಿ, ಕುಕ್ಕರುಗಾಲಲ್ಲಿ ಕೂತು, ಜೋಪಾನವಾಗಿ ಎತ್ತಿಕೊಂಡೆ. ಏಳಲು ಗೆಳೆಯ ಕೈ ಕೊಟ್ಟ.