ತ್ರೀ ಫೇಸ್ ಬ್ಯಾಂಡ್ ಸಾ ಮನೆಯಲ್ಲಿ ಓಡುತ್ತದೆ: ಸ್ಪಷ್ಟನೆ

ಹಳೇ ಬ್ಯಾಂಡ್ ಸಾದಲ್ಲಿ (ಪಟ್ಟಿಯಂಥ ಬ್ಲೇಡ್ ಚಕ್ರಗಳ ಮೇಲೆ ಸುತ್ತುವ, ಮರ ಕೊಯ್ಯುವ ಯಂತ್ರ) ತ್ರೀ ಫೇಸ್ ಮೋಟರ್ ಇದ್ದರೆ ಕೊಳ್ಳಬೇಡಿ, ವಿದ್ಯುತ್ ಕಂಪನಿ ಜೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ ಬೇಕೇ ಬೇಕು ಎಂಬ ಸಂದೇಶ ಕಲಬುರಗಿಯ ಬಡಗಿ ಕೆಲಸದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮನೆಯ 230 ವೋಲ್ಟ್ ಸಿಂಗಲ್ ಫೇಸ್ ಪಡೆದು 230 ವೋಲ್ಟ್ ತ್ರೀ ಫೇಸ್ ಕೊಡುವ ವಿಎಫ್‌ಡಿ ಎಂಬ ಎಲೆಕ್ಟ್ರಾನಿಕ್ ಸಾಧನ ಸಾಕು. ಆದರೆ ಮೊದಲು ಮೋಟರಿನ ಮೇಲಿನ ನೇಮ್‌ಪ್ಲೇಟ್ ಓದಿ. 240/415, ಡೆಲ್ಟಾ/ಸ್ಟಾರ್ (ಮೋಟರಿನ ಸುರುಳಿಗಳನ್ನು ಜೋಡಿಸುವ ಎರಡು ಬಗೆ: 240 ವೋಲ್ಟ್‌ಗೆ ಡೆಲ್ಟಾ, 415ಕ್ಕೆ ಸ್ಟಾರ್) ಎಂದಿದ್ದರೆ ಮೋಟರಿನ ಟರ್ಮಿನಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳನ್ನು ಡೆಲ್ಟಾಕ್ಕೆ ಬದಲಿಸಬೇಕು. ಸ್ಟಾರ್‌ನಲ್ಲೇ ಬಿಟ್ಟರೆ ಟಾರ್ಕ್ (ತಿರುಗಿಸುವ ಬಲ) ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ದಪ್ಪ ಸಾಗುವಾನಿಯಲ್ಲಿ ಬ್ಲೇಡ್ ನಿಂತುಬಿಡುತ್ತದೆ. 415 ಡೆಲ್ಟಾ ಎಂದಷ್ಟೇ ಇದ್ದರೆ ಈ ದಾರಿ ಆಗದು, ಮೋಟರನ್ನೇ ಬದಲಿಸಿ. ಆನ್-ಆಫ್ ವಿಎಫ್‌ಡಿಯಿಂದಲೇ ಮಾಡಿ, ಅದಕ್ಕೂ ಮೋಟರಿಗೂ ನಡುವೆ ಸ್ವಿಚ್ ಬೇಡ.

ನಿಜವಾಗಿ ಕೈಬಿಡಬೇಕಾದ್ದು ಎರಕದ ಚಕ್ರ ಬಿರುಕುಬಿಟ್ಟ ಯಂತ್ರ. ರಬ್ಬರ್ ಟೈರ್, ಬೇರಿಂಗ್ ಹೊಸದು ಹಾಕಬಹುದು.

ದಯವಿಟ್ಟು ಆ ಸಂದೇಶ ಮುಂದೆ ಕಳಿಸಬೇಡಿ.