ಕೆಂಚನ ಹೊಟ್ಟೆ ಉಬ್ಬರ

ಇವತ್ತು ಬೆಳಿಗ್ಗೆ ಆರೂವರೆಗೆ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನೋಡಿದೆ: ಮೀನು ಮತ್ತೆ ವಾಲಿದೆ. ಹೊಟ್ಟೆ ಗೋಲಿಯಂತೆ ಊದಿದೆ. ಮದುವೆಮನೆಯಲ್ಲಿ ನಾಲ್ಕನೇ ಹೋಳಿಗೆ ಇಳಿಸಿ ಚಾಪೆ ಮೇಲೆ ಒರಗಿದ ಬೀಗರ ಭಂಗಿ. ಯುಗಾದಿಯಿಂದೀಚೆಗೆ ಇದು ನಾಲ್ಕನೇ ಸಲ.

ಬೆಟ್ಟಾ ಮೀನು. ಹೋದ ವರ್ಷ ಮಗನ ಹುಟ್ಟುಹಬ್ಬಕ್ಕೆ ತಂದದ್ದು. ಅಂಗಡಿಯವನು ಗಾಜಿನ ಬಟ್ಟಲ ಸಮೇತ ಕೈಗಿಟ್ಟು, "ಏನೂ ಮೈಂಟೆನೆನ್ಸ್ ಇಲ್ಲ ಸಾರ್, ಮನಿಪ್ಲಾಂಟ್ ಇದ್ದಂಗೆ" ಅಂದಿದ್ದ. ಮಗ 'ಬ್ಲೇಜ್' ಅಂತ ಹೆಸರಿಟ್ಟ. ಅಪ್ಪನ ನಾಲಿಗೆಗೆ ಅದು ಹತ್ತಲಿಲ್ಲ. ಕೆಂಪಗಿದೆಯಲ್ಲ ಅಂತ ಊರಲ್ಲಿದ್ದ ಹಳೇ ಎತ್ತಿನ ಹೆಸರನ್ನೇ ದಾಟಿಸಿದರು: ಕೆಂಚ.

ಮನಿಪ್ಲಾಂಟಿಗೆ ಎರಡೇ ತಿಂಗಳಲ್ಲಿ ರೆಕ್ಕೆ ಕೊಳೆಯತೊಡಗಿತು. ಅಂಚೆಲ್ಲ ಹರಿದು, ಜಾತ್ರೆ ಮುಗಿದು ಆರು ತಿಂಗಳಾದ ಮೇಲೆ ನೇತಾಡುವ ಬಂಟಿಂಗ್ಸ್ ಥರ. ನಾನು ಶುಚಿತ್ವದ ಮನುಷ್ಯ. ಭಾನುವಾರ ಭಾನುವಾರ ಬಟ್ಟಲು ಖಾಲಿ ಮಾಡಿ, ಕಲ್ಲುಗಳನ್ನು ತಿಕ್ಕಿ ಬಿಸಿಲಿಗೂ ಒಣಗಿಸುತ್ತಿದ್ದೆ. ಮೀನಿನ ಹೊಲಸಿನಿಂದ ಅಮೋನಿಯ ಆಗುತ್ತದೆ, ಅದನ್ನು ಅರಗಿಸುವ ಬ್ಯಾಕ್ಟೀರಿಯ ಆ ಕಲ್ಲುಗಳಲ್ಲೇ ಮನೆ ಮಾಡಿಕೊಂಡಿರುತ್ತದೆ, ನಾನು ವಾರವಾರವೂ ಆ ಮನೆಯನ್ನೇ ತೊಳೆದು ಒಣಹಾಕುತ್ತಿದ್ದೇನೆ ಅಂತ ತಿಳಿಯುವಷ್ಟರಲ್ಲಿ ಬಾಲ ಅರ್ಧ ಹೋಗಿತ್ತು. ಆಮೇಲೆ 20 ಲೀಟರಿನ ತೊಟ್ಟಿ, ಸ್ಪಂಜ್ ಫಿಲ್ಟರ್, ಹೀಟರ್. ಥಾಯ್ಲೆಂಡಿನ ಗದ್ದೆ ನೀರಿನ ಕುಲ ಇದು, 26-27 ಡಿಗ್ರಿ ಇರಬೇಕು. ಡಿಸೆಂಬರಿನಲ್ಲಿ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಕಡೆಯ ಗಾಳಿಗೆ ನಾವು ಮಂಕಿಕ್ಯಾಪ್ ಏರಿಸಿ ಗದಗುಟ್ಟುತ್ತಿದ್ದರೆ ಕೆಂಚ ಹೀಟರಿಗೆ ಬೆನ್ನು ಕೊಟ್ಟು ತೇಲುತ್ತಿದ್ದ. ಬಾಲ ಮತ್ತೆ ಬಂತು.

ಇನ್ನು ನೀರು. ವಾರಕ್ಕೊಮ್ಮೆ ಕಾಲುಭಾಗ ಬದಲಾಯಿಸಬೇಕು, ಅಂದರೆ ಐದು ಲೀಟರು. ಬೇರೆ ಊರಿನವರಿಗೆ ಇದೊಂದು ವಿಷಯವೇ ಅಲ್ಲ. ಕೋಲಾರದವರಿಗೆ ಹೇಳಿ ನೋಡಿ. ಟ್ಯಾಂಕರಿನ ಬೋರ್‌ವೆಲ್ ನೀರು ನಲ್ಲಿಯ ಬಾಯಿಗೆ ಸುಣ್ಣ ಕಟ್ಟುವಷ್ಟು ಗಡುಸು. ಬರೀ ಆರ್‌ಒ ನೀರು ಹಾಕೋಣವೆಂದರೆ ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಅದೂ ಆಗದು. ಹಾಗಾಗಿ ಆರ್‌ಒ ಘಟಕಕ್ಕೆ ನಾಣ್ಯ ಹಾಕಿ ತಂದ ಕ್ಯಾನ್ ನೀರನ್ನು ಟ್ಯಾಂಕರಿನ ನೀರಿಗೆ ಬೆರೆಸುತ್ತೇನೆ. 2018ರಿಂದ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ನಾನಿಲ್ಲಿ ಎರಡು ಇಂಚಿನ ಜೀವಕ್ಕೆ ಪಾನಕ ಬೆರೆಸುವ ಹಾಗೆ ಅಳತೆ ಹಿಡಿದು ಕೂತಿರುತ್ತೇನೆ. ಇಷ್ಟಾದರೂ ಎರಡು ತಿಂಗಳಿಂದ ನೀರಿನ ಮೇಲೆ ಜಿಡ್ಡಿನ ಪೊರೆ. ಬೆಟ್ಟಾ ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸುವ ಮೀನು. ಮೇಲೆ ಪೊರೆಯಿದ್ದರೆ ಅದಕ್ಕೆ ಕಷ್ಟ. ಟ್ಯಾಂಕರಿನವನಿಗೆ ಫೋನ್ ಮಾಡಿ ಜಾಡಿಸಿದೆ. "ಡೀಸೆಲ್ ಟ್ಯಾಂಕರಲ್ಲಿ ನೀರು ತರ್ತೀಯೇನಯ್ಯಾ?" ಅಂತಲೂ ಕೇಳಿದೆ. ಅವನು ತಾಯಾಣೆ ಹಾಕಿದ.

ಇವತ್ತು ಮಧ್ಯಾಹ್ನದ ಮೇಲೆ ರಜ ಹಾಕಿ, ಎಪ್ಸಮ್ ಉಪ್ಪಿಗೆ ಮೆಡಿಕಲ್ ಸ್ಟೋರಿಗೆ ಹೋದೆ. "ಯಾರಿಗೆ ಸಾರ್, ಮೋಷನ್ ಪ್ರಾಬ್ಲಮ್ಮಾ?" ಅಂದ ಹುಡುಗ, ಹಿಂದೆ ನಿಂತಿದ್ದ ಐದು ಜನಕ್ಕೂ ಕೇಳುವ ಹಾಗೆ. "ಮೀನಿಗೆ" ಅಂದೆ. ಐದು ಜನವೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮನೆಗೆ ಬಂದರೆ ಅಪ್ಪ ಊಟಕ್ಕೆ ಕೂತಿದ್ದಾರೆ. ಕುರ್ಚಿ ತೊಟ್ಟಿಯ ಪಕ್ಕಕ್ಕೇ ಎಳೆದಿದೆ. ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಅಪ್ಪ ಮುದ್ದೆ ಮುರಿದರು. ಒಂದು ತುತ್ತು ತಾವು ನುಂಗಿದರು. ಆಮೇಲೆ ಸಾಸಿವೆ ಕಾಳಿನಷ್ಟು ಚಿವುಟಿ, ಎರಡು ಬೆರಳಲ್ಲಿ ಉರುಟು ಮಾಡಿ, ನೀಟಾಗಿ ಬಸ್ಸಾರಿನಲ್ಲಿ ಅದ್ದಿ, ನೀರಿಗೆ ಬಿಟ್ಟರು. ವಾಲಿಕೊಂಡೇ ಬಂದ ಕೆಂಚ ಗುಳುಂ ಅನಿಸಿದ. ಅಪ್ಪ ಇನ್ನೊಂದು ಉರುಟಿದರು.

"ಅಪ್ಪಾ!"

"ಬಂದ್ಯಾ? ನೋಡೋ, ಅಗಿಯಲ್ಲ, ನಮ್ಮಂಗೇ ನುಂಗ್ತೈತೆ. ನಿನ್ನ ಮಗ ಇನ್ನೂ ಕಲೀಲಿಲ್ಲ."

"ಸಾರಿಗೆ ಯಾಕೆ ಅದ್ದಿದ್ರಿ?"

"ಸಪ್ಪೆ ಮುದ್ದೆ ಯಾರಿಗೋ ಇಳಿಯುತ್ತೆ?"

ಒಗ್ಗರಣೆ ಎಣ್ಣೆಯ ಸಣ್ಣ ಕಣ್ಣೊಂದು ನೀರಿನ ಮೇಲೆ ಹರಡಿ ಮಿನುಗಿತು. ನನಗೆ ಟ್ಯಾಂಕರಿನವನ ತಾಯಾಣೆ ನೆನಪಾಯಿತು.

ಅದು ಹುಳ ತಿನ್ನುವ ಮೀನು, ರಾಗಿ ಅರಗುವುದಿಲ್ಲ, ಅದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ಇರುವುದು, ಹೊತ್ತಿಗೆ ಮೂರು ಕಾಳು ಸಾಕು ಅಂತೆಲ್ಲ ವಿವರಿಸಿದೆ. ಅಪ್ಪ ಬಗ್ಗಿ ಕೆಂಚನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ, "ಪಾಪ, ಬಾಯಿಲ್ಲದ ಜೀವ" ಅಂದರು. ಬಾಯೇ ಅಪ್ಪಾ ಅದರ ತೊಂದರೆ! ಆಮೇಲೆ ಹಳೇ ಪಶುವೈದ್ಯ ಶುರುವಾಯಿತು. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಎಣ್ಣೆ ಕುಡಿಸುತ್ತಿದ್ದರಂತೆ, ಓಮ ಅರೆದು ಹಾಕುತ್ತಿದ್ದರಂತೆ. "ಒಂದ್ ತೊಟ್ಟು ಹಾಕಿ ನೋಡಣಾ?" ನಾನು ಎಣ್ಣೆ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿದೆ.

ಮೂರನೇ ಬೋರ್‌ವೆಲ್ಲಿನಲ್ಲೂ ಬರೀ ಧೂಳೆದ್ದ ವರ್ಷ ಅಪ್ಪ ಎರಡು ಸೀಮೆಹಸು ಮಾರಿ ನಮ್ಮ ಜೊತೆ ಬಂದರು. ಈಗಲೂ ನಾಲ್ಕೂವರೆಗೆ ಏಳುತ್ತಾರೆ. ಎದ್ದು ಹಾಲ್‌ನಲ್ಲಿ ಲೈಟು ಹಾಕದೆ ಕೂತಿರುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ಅವರನ್ನು ನೋಡಿ ಎದುರು ಬರುವ ಪ್ರಾಣಿ ಒಂದೇ.

ಆದರೂ ಕೋಪ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ಕೆಂಚನನ್ನು ಮೇಲಿನಿಂದ ನೋಡಿದೆ. ಹುರುಪೆ ಹಲಸಿನ ಮುಳ್ಳಿನಂತೆ ಎದ್ದಿಲ್ಲ, ಹಾಗೆದ್ದರೆ ಬದುಕುವುದು ಕಷ್ಟ. ನಾಲ್ಕು ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕರಗಿಸಿ ಹದಿನೈದು ನಿಮಿಷ ಬಿಟ್ಟು ತೆಗೆದೆ. ಇನ್ನು ಮೂರು ದಿನ ಉಪವಾಸ, ಆಮೇಲೆ ವಾರಕ್ಕೊಂದು ದಿನ ಅಂತ ಘೋಷಿಸಿದೆ.

"ಮೂರ್ ದಿನಾನಾ? ಏಕಾದಶಿಗಾದ್ರೂ ಜನ ಹಣ್ಣು ತಿಂತಾರೆ ಕಣೋ" ಅಂದರು ಅಪ್ಪ.

ರಾತ್ರಿ ಊಟಕ್ಕೆ ಅಪ್ಪನ ಕುರ್ಚಿ ಗೋಡೆಯ ಕಡೆ ತಿರುಗಿತ್ತು. ಅದರ ಎದುರಿಗೆ ಹೇಗೆ ತಿನ್ನೋದು ಅಂತ. ಕೆಂಚ ಗಾಜಿಗೆ ಮೂತಿ ಒತ್ತಿಕೊಂಡು ಅವರ ಬೆನ್ನನ್ನೇ ನೋಡುತ್ತಿದ್ದ. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಟ್ಯಾಂಕರಿನವನಿಗೆ ಇನ್ನೂ ಫೋನ್ ಮಾಡಿಲ್ಲ. ಸಂಪಿನಲ್ಲಿ ಒಂದಡಿ ನೀರಿದೆ.