ಸತ್ಯಾಂಶ: ಮಂಡಿ ಆಪರೇಷನ್ ಆದವರು ಮೆಟ್ಟಿಲು ಹತ್ತಬಾರದಾ?

‘ಮಂಡಿ ಕೀಲು ಬದಲಿಸಿಕೊಂಡವರು ಆರು ತಿಂಗಳು ಮೆಟ್ಟಿಲು ಹತ್ತಬಾರದು, ಹೊಸ ಕೀಲು ಸವೆಯುತ್ತದೆ’ ಅನ್ನೋ ವಾಟ್ಸಾಪ್ ಮೆಸೇಜ್ ನಿಜವಲ್ಲ. ಸಾಮಾನ್ಯವಾಗಿ ಮನೆಗೆ ಕಳಿಸುವ ಮೊದಲೇ ಫಿಸಿಯೋಥೆರಪಿಸ್ಟ್ ಮೆಟ್ಟಿಲು ಹತ್ತಿಳಿಯುವುದನ್ನು ಕಲಿಸುತ್ತಾರೆ.

ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು. ಆಮೇಲೆ ಆಪರೇಷನ್ ಆದ ಕಾಲು ಮತ್ತು ಊರುಗೋಲು, ಅದೇ ಮೆಟ್ಟಿಲಿಗೆ. ಇಳಿಯುವಾಗ ಊರುಗೋಲು, ಆಪರೇಷನ್ ಆದ ಕಾಲು ಮೊದಲು. ಹೀಗೆ ಮಾಡಿದರೆ ಮೈಭಾರ ಎತ್ತುವ, ಇಳಿಸುವ ಕೆಲಸವೆರಡೂ ಗಟ್ಟಿ ಕಾಲಿಗೇ ಬೀಳುತ್ತದೆ. ಇನ್ನೊಂದು ಕೈ ಕಂಬಿ ಮೇಲಿರಲಿ.

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಹೆದರಬೇಕಾದ್ದು ಜಾರುವುದಕ್ಕೆ. ಮಳೆಗಾಲದಲ್ಲಿ ಅಂಗಳದ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ಉಜ್ಜಿಸಿಬಿಡಿ. ಅಟ್ಟದ ಏಣಿ ಮಾತ್ರ ಸದ್ಯಕ್ಕೆ ಬೇಡ. ಅದಕ್ಕೆ ಕಂಬಿಯೂ ಇರಲ್ಲ, ಅಲ್ವಾ? ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.